ಬೆನ್ನಿಗೆ ಗಾಳಿ ಇದ್ದ ದಿನ

ತುದಾ ಈಗ ನೀರಿಗೆ ಹೋದರೂ ಕೂಗುತ್ತಾಳೆ, ಆಡು ಹೊಡೆದುಕೊಂಡು ಹೋದರೂ ಕೂಗುತ್ತಾಳೆ. ಐವತ್ತು ಹೆಜ್ಜೆಗೊಮ್ಮೆ ನಿಂತು, ತಲೆವಸ್ತ್ರವನ್ನು ಬಾಯಿಂದ ಸರಿಸಿ, ಪಡುವಣಕ್ಕೆ ಮುಖ ಮಾಡಿ 'ಓ ಹೋಯ್' ಎನ್ನುತ್ತಾಳೆ. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು ಮತ್ತೆ ನಡೆಯುತ್ತಾಳೆ. ತಿಮರ್ಗಿನ್ ಬಾವಿಯ ಸುತ್ತ ಇರುವುದೇ ಹನ್ನೊಂದು ಮನೆ, ನಾಲ್ಕು ಗುಡಾರ. ಮದುವೆಯಾಗಿ ಹೊಸದಾಗಿ ಬಂದ ಸೊಸೆಯರು ಮೊದಮೊದಲು ನಗುತ್ತಾರೆ. ಆಗ ಯಾರಾದರೂ ಅವರನ್ನು ಒಳಗೆ ಕರೆದು ಎರಡು ಮಾತು ಹೇಳುತ್ತಾರೆ. ಆಮೇಲೆ ನಗುವುದಿಲ್ಲ. ಆದರೆ ಆ ಎರಡು ಮಾತು ಹೇಳುವವರಿಗೂ ಪೂರ್ತಿ ಗೊತ್ತಿಲ್ಲ.

ದೊಡ್ಡದಾಗಿ ಹೇಳಿಕೊಳ್ಳುವಂಥ ಬದುಕೇನಲ್ಲ ಅವಳದು. ಹುಟ್ಟಿದ ಒಂಬತ್ತನೇ ದಿನಕ್ಕೆ ಹೆತ್ತವಳನ್ನು ಕಳೆದುಕೊಂಡಳು. ಪಕ್ಕದ ಗುಡಾರದ ಇಟ್ಟೋ ಅದೇ ತಿಂಗಳು ಇಜ್ಜಾಳನ್ನು ಹೆತ್ತಿದ್ದಳು. ಒಂದು ಮೊಲೆ ಇಜ್ಜಾಳಿಗೆ, ಇನ್ನೊಂದು ತುದಾಳಿಗೆ. ನಮ್ಮಲ್ಲಿ ಹಾಲಿನ ನಂಟು ರಕ್ತದ ನಂಟಿಗಿಂತ ಒಂದು ತೂಕ ಹೆಚ್ಚೇ. ಒಂದೇ ಎದೆಯ ಹಾಲು ಕುಡಿದ ಮನೆಯವರು ತಮ್ಮತಮ್ಮೊಳಗೆ ಸುಳ್ಳು ಹೇಳುವಂತಿಲ್ಲ, ಏನನ್ನೂ ಮುಚ್ಚಿಡುವಂತಿಲ್ಲ. ಒಡಹುಟ್ಟಿದವರು ಬಾವಿಯ ಸರದಿಗಾಗಿ ತಲೆ ಒಡೆದುಕೊಂಡದ್ದನ್ನು ಬೇಕಾದಷ್ಟು ಕಂಡಿದ್ದೇವೆ. ಹಾಲಿನವರು ಕೈ ಎತ್ತಿದ್ದನ್ನು ಕಂಡಿಲ್ಲ.

ಮದುವೆಯಾಗಿ ಹೋದ ತುದಾ ಆರು ವರ್ಷಕ್ಕೆ ವಾಪಸು ಬಂದಳು. ಗಂಡ ಸೀಸದ ಗಣಿಯಲ್ಲಿ ಮಣ್ಣು ಕುಸಿದು ಸತ್ತಿದ್ದ, ಮಕ್ಕಳಿರಲಿಲ್ಲ. ಇಜ್ಜಾಳ ಗೋಡೆಗೆ ಗೋಡೆ ತಾಗಿಸಿ ಒಂದು ಕೋಣೆ ಕಟ್ಟಿಕೊಂಡಳು. ಇಜ್ಜಾಳ ಗಂಡ ಬರ್ಕಾ ಮಾತು ಕಡಿಮೆಯ ಮನುಷ್ಯ, ಕಳೆದುಹೋದ ಒಂಟೆಯ ಜಾಡು ಹಿಡಿಯುವುದರಲ್ಲಿ ಎತ್ತಿದ ಕೈ. ಒಂಟೆ ಕುಂಟುತ್ತಿತ್ತೋ, ಗಬ್ಬವಾಗಿತ್ತೋ ಎಂಬುದನ್ನೂ ಹೆಜ್ಜೆ ನೋಡಿ ಹೇಳುತ್ತಿದ್ದ. ಮುದುಕಿ ಇಟ್ಟೋ ಮಗಳ ಜೊತೆಗೇ ಇದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದು ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

ಆಕಾಶದಿಂದ ಬೀಳುವ ಬೆಂಕಿ ಸೈತಾನನಿಗೆ ಬೀಸಿದ ಕಲ್ಲು, ಅದನ್ನು ಮುಟ್ಟಬಾರದು ಎನ್ನುತ್ತಿದ್ದರು ನಮ್ಮ ಹಿರಿಯರು. ಜೀಪಿನಲ್ಲಿ ಬಂದ ಒಬ್ಬ ವ್ಯಾಪಾರಿ ಮುಷ್ಟಿಗಾತ್ರದ ಕಲ್ಲು ತೋರಿಸಿ ಬೆಲೆ ಹೇಳಿದ ಮೇಲೆ ಅದೇ ಹಿರಿಯರು ಸೈತಾನನ ಮಾತನ್ನೇ ಬಿಟ್ಟರು. ಎರಡೇ ವರ್ಷದಲ್ಲಿ ಇಡೀ ಹಮ್ಮಾದ ತಲೆ ತಗ್ಗಿಸಿ ನಡೆಯತೊಡಗಿತು. ಹಮ್ಮಾದ ಎಂದರೆ ಬಾವಿಯಿಂದ ಪಡುವಣಕ್ಕೆ ನಾಲ್ಕು ದಿನದ ದಾರಿಯವರೆಗೆ ಹಬ್ಬಿದ ಕಲ್ಲಿನ ಬಯಲು. ಮರವಿಲ್ಲ, ಮಣ್ಣು ಕಾಣುವುದಿಲ್ಲ, ಹಾಸಿದಂತೆ ಬರೀ ಕರಿಕಲ್ಲು. ಅಂಥಲ್ಲಿ ಹೋಗಿ ಇನ್ನೊಂದು ಕರಿಕಲ್ಲನ್ನು ಹುಡುಕಬೇಕು. ಯಾರ ಹಣೆಯಲ್ಲಿ ಬರೆದಿತ್ತೋ ಈ ಕಸುಬು.

ಗುರುತು ಹಿಡಿಯುವ ಬಗೆ ಇದೆ. ನಮ್ಮ ನೆಲದ ಕಲ್ಲಿಗೆ ಬಿಸಿಲು ಕುಡಿದ ಹೊಳಪಿರುತ್ತದೆ. ಮೇಲ್ಮೈ ಮಾತ್ರ ಕಪ್ಪು, ಮಗುಚಿದರೆ ಹೊಟ್ಟೆ ಬೆಳ್ಳಗೆ. ಹೊಸದಾಗಿ ಬಿದ್ದ ಆಕಾಶದ ಕಲ್ಲು ಸುತ್ತಲೂ ಕಪ್ಪು, ಹೊಳಪಿಲ್ಲದ ಕಪ್ಪು, ರೊಟ್ಟಿ ಹಂಚಿನ ತಳದ ಮಸಿಯ ಹಾಗೆ. ಮಳೆ ಬೀಳುವ ಮೊದಲೇ ಅದು ಸಿಗಬೇಕು. ಒಂದು ಮಳೆ ಕುಡಿಯಿತೋ, ಅದರ ಕಥೆ ಮುಗಿಯಿತು. ತುದಾಳ ಕಣ್ಣು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಇಜ್ಜಾಳಿಗೆ ಕಣ್ಣಿಗಿಂತ ಕಾಲು ಚುರುಕು, ಕಾಲಿಗಿಂತ ಬಾಯಿ ಚುರುಕು.

ಹುಡುಕುವವರು ಸಾಲಾಗಿ ನಡೆಯುತ್ತಾರೆ, ಇಬ್ಬರ ನಡುವೆ ಕೂಗಳತೆ. ಸಾಲು ತಪ್ಪದಿರಲೆಂದು ಐವತ್ತು ಹೆಜ್ಜೆಗೊಮ್ಮೆ 'ಓ ಹೋಯ್' ಎಂದು ಕೂಗಬೇಕು, ಪಕ್ಕದವರು ಓಗೊಡಬೇಕು. ಕಲ್ಲು ಸಿಕ್ಕಿದರೆ ಮಾತ್ರ ಕೂಗಬಾರದು. ಒಮ್ಮೆ ಒಬ್ಬ ಮೂರ್ಖ ಸಂತೋಷ ತಡೆಯದೆ ಅರಚಿದ್ದಕ್ಕೆ ಐದು ಜೀಪು ಬಂದು ಆ ಜಾಗವನ್ನು ಬಾಚಿಕೊಂಡು ಹೋದವು. ಅಂದಿನಿಂದ ಇದೇ ಕಟ್ಟಳೆ: ಸಿಕ್ಕಿದವರು ಕಲ್ಲನ್ನು ಬಟ್ಟೆಯೊಳಗೆ ಇಟ್ಟುಕೊಂಡು, ಬಾಯಿ ಮುಚ್ಚಿ, ಮನೆಗೂ ಬರದೆ ನೆಟ್ಟಗೆ ಸಂತೆಯ ದಾರಿ ಹಿಡಿಯಬೇಕು. 'ಅವನ ಬಾಯಿ ಕಟ್ಟಿತು' ಎಂದರೆ ನಮ್ಮಲ್ಲಿ ಶುಭಸುದ್ದಿ. ಬಾಯಿ ಕಟ್ಟಿದವರ ಹಿಂದೆ ಹುಡುಕಿಕೊಂಡು ಹೋಗುವುದು ಮಾತ್ರ ನಾಚಿಕೆಗೇಡು. ಒಂದೋ ಕಳ್ಳ ಹಾಗೆ ಹೋಗುತ್ತಾನೆ, ಇಲ್ಲವೇ ಭಿಕ್ಷುಕ.

ತುದಾ, ಇಜ್ಜಾ ನಡುವೆ ಬೇರೆಯದೇ ಒಪ್ಪಂದವಿತ್ತು. ಸಿಕ್ಕಿದವಳು 'ಅವ್ವಾ ಇಟ್ಟೋ' ಎಂದು ಕೂಗಬೇಕು. ಕೇಳಿದವರು ಯಾರಿಗೋ ಮುಳ್ಳು ಚುಚ್ಚಿದೆ ಎಂದುಕೊಳ್ಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ಮೂರು ಸಲ ತುದಾ ಹಾಗೆ ಕೂಗಿದ್ದಳು, ಮೂರು ಸಲವೂ ಸಿಕ್ಕಿದ್ದನ್ನು ಸಮನಾಗಿ ಹಂಚಿಕೊಂಡಿದ್ದರು. ಇಜ್ಜಾಳ ಸರದಿ ಬಂದೇ ಇರಲಿಲ್ಲ. "ನಿನ್ ಕಣ್ಣಿಗೆ ನನ್ ಅವ್ವನ ಹಾಲೇ ಹೋಗಿದೆ ಕಣೇ, ನಂಗೆ ಉಳಿದಿದ್ದು ನೀರು," ಎಂದು ರೇಗಿಸುತ್ತಿದ್ದಳು.

ಆ ವರ್ಷ ಖರ್ಜೂರ ಇಳಿಸುವ ಕಾಲದಲ್ಲಿ, ಸಂಜೆಯ ನಮಾಜಿಗೆ ಇನ್ನೂ ಹೊತ್ತಿರುವಾಗ, ಆಕಾಶದಲ್ಲಿ ಎರಡನೇ ಸೂರ್ಯನೊಂದು ಮೂಡಣದಿಂದ ಪಡುವಣಕ್ಕೆ ಉರಿದುಕೊಂಡು ಹೋಯಿತು. ಹಿಂದೆಯೇ ಮೂರು ಗುಡುಗು. ಆಡುಗಳೆಲ್ಲ ಒಂದೆಡೆ ಗುಂಪಾದವು. ಹೊಗೆಯ ಗೆರೆ ಹಮ್ಮಾದದ ಮೇಲೆ ಬಹಳ ಹೊತ್ತು ಕದಲದೆ ನಿಂತಿತ್ತು. ಕಾಣದ ಕಣ್ಣನ್ನು ಮೇಲೆತ್ತಿ ಇಟ್ಟೋ, "ಏನದು, ಬೆಳಕಾಯ್ತಲ್ಲ ಒಂದ್ಗಳಿಗೆ?" ಎಂದಳು.

"ನಿನ್ನ ಕಣ್ಣು ಬಿತ್ತು ಅವ್ವಾ ಆಕಾಶದಿಂದ. ಹೋಗಿ ಎತ್ಕೊಂಡ್ ಬರ್ತೀವಿ ತಡಿ," ಎಂದಳು ಇಜ್ಜಾ.

ತಮಾಷೆಗೆ ಅಂದದ್ದು ಅಲ್ಲಿಯೇ ನಿಶ್ಚಯವಾಯಿತು. ಕಲ್ಲು ಸಿಕ್ಕರೆ ಈ ಸಲ ಪಾಲು ಮಾಡುವುದು ಬೇಡ, ಅವ್ವನನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗಿ ಪೊರೆ ತೆಗೆಸುವುದು.

ಐದನೇ ದಿನದ ಹೊತ್ತಿಗೆ ಹಮ್ಮಾದದ ತುಂಬ ಜನ. ಸಾಲಿನಲ್ಲಿ ಸಿಕ್ಕಿಕೊಳ್ಳುವುದು ಬೇಡವೆಂದು ಇಬ್ಬರೂ ಇನ್ನೂ ಪಡುವಣಕ್ಕೆ, ನೆಲ ಬಿರುಕು ಬಿಟ್ಟ ಕಡೆ ಹೋದರು. ಅಲ್ಲಿನ ಬಿರುಕುಗಳು ಮೋಸದವು. ಒಂದು ಕಡೆ ಗೇಣಗಲ, ಆಡುಮರಿಯೂ ದಾಟುತ್ತದೆ. ಅದೇ ಮುಂದೆ ಹೋಗುತ್ತಾ ಎರಡಾಳು ಆಳ, ತುದಿಗೆ ಬಂದು ನಿಲ್ಲುವವರೆಗೂ ಕಾಣುವುದಿಲ್ಲ. ಕತ್ತೆ, ನೀರಿನ ಡಬ್ಬ, ರೊಟ್ಟಿ ಎಲ್ಲ ತುದಾಳ ಬಳಿ ಉಳಿದವು. ಹಗುರ ಕಾಲಿನ ಇಜ್ಜಾ ಪಡುವಣದ ಮಗ್ಗುಲು ಹಿಡಿದಳು.

"ಏನೇ, ಕಲ್ಲು ಹುಡುಕ್ತಾ ಇದೀಯೋ, ಉದುರಿದ ಹಲ್ಲು ಹುಡುಕ್ತಾ ಇದೀಯೋ? ಮೂಗು ನೆಲಕ್ಕೆ ಉಜ್ಜತ್ತೆ ನೋಡ್ಕೋ!"

"ನಿನ್ನ ಹಾಗೆ ಆಕಾಶ ನೋಡ್ಕೊಂಡು ಓಡಾಡೋಕೆ ಮನೇಲಿ ಗಂಡ ಕೂತಿಲ್ಲ ಕಣೇ ನಂಗೆ."

"ಬೇಕಾದ್ರೆ ತಗೊಂಡ್ ಹೋಗು. ಗೊರಕೆ ಸಮೇತ ಕೊಡ್ತೀನಿ."

ಅದೇ ಅವರು ಎದುರುಬದುರಾಗಿ ಆಡಿದ ಕೊನೆಯ ಮಾತು. ನಡುವೆ ಒಂದು ದಿಬ್ಬ ಅಡ್ಡ ಬಂತು. ಆಮೇಲೆ ಬರೀ ಕೂಗು: ಇವಳದೊಂದು, ಅವಳದೊಂದು. ಹೊತ್ತು ಏರುತ್ತಿದ್ದಂತೆ ಮೂಡಣದ ಬಿಸಿಗಾಳಿ ಎದ್ದಿತು. ತುದಾ ಕೂಗಿದಳು, ಇಜ್ಜಾ ಓಗೊಟ್ಟದ್ದು ಕೇಳಿಸಲಿಲ್ಲ. ಐವತ್ತು ಹೆಜ್ಜೆ ನಡೆದು ಮತ್ತೆ ಕೂಗಿದಳು. ಮತ್ತೆ ಐವತ್ತು. ಆಮೇಲೆ ನಿಂತುಬಿಟ್ಟಳು.

ಗಾಳಿ ತನ್ನ ಕಡೆಯಿಂದ ಅವಳ ಕಡೆಗೆ ಬೀಸುತ್ತಿದೆ, ತನ್ನ ದನಿ ಅವಳಿಗೆ ಹೋದೀತು, ಅವಳದು ತನಗೆ ಬಾರದು ಎಂಬುದು ತುದಾಳಿಗೆ ತಿಳಿಯದೆ? ಹಮ್ಮಾದದಲ್ಲಿ ಹುಟ್ಟಿದವಳು. ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ಆದರೆ ಹದಿನಾಲ್ಕು ವರ್ಷದಿಂದ ಕೂಗು ನಿಂತರೆ ಕಲ್ಲು ಸಿಕ್ಕಿತು ಎಂದೇ ಕಲಿತ ತಲೆ ಅದು. ಆ ತಲೆಗೆ ಮೊದಲು ಹೊಳೆದದ್ದು ಅದೊಂದೇ. ಇಜ್ಜಾಳಿಗೆ ಸಿಕ್ಕಿದೆ. 'ಅವ್ವಾ ಇಟ್ಟೋ' ಎನ್ನಲಿಲ್ಲ. ತನ್ನ ಸರದಿ ಬಂದಾಗ ಹಾಲನ್ನು ಮರೆತಳು.

ಒಂದು ಚಹಾ ಕುದಿಯುವಷ್ಟು ಹೊತ್ತು ತುದಾ ಅಲ್ಲಿಯೇ ನಿಂತಿದ್ದಳು. ದಿಬ್ಬ ಹತ್ತಿ ನೋಡಬಹುದಿತ್ತು. ಬಾಯಿ ಕಟ್ಟಿದವಳ ಹಿಂದೆ ಭಿಕ್ಷುಕಳ ಹಾಗೆ ಹೋಗುವುದೇ? ಮೂರು ಸಲ ತಾನು ಕೂಗಿ ಕರೆದು ಕೊಟ್ಟದ್ದು ನೆನಪಾಯಿತು. ಪಡುವಣಕ್ಕೆ ತಿರುಗಿ, ಗಂಟಲು ಹರಿಯುವಂತೆ ಅರಚಿದಳು:

"ತಿನ್ನು! ಒಬ್ಳೇ ತಿನ್ನು! ಅಲ್ಲೇ ಬಿದ್ದು ಸಾಯಿ! ಇವತ್ತಿಂದ ನೀನ್ಯಾರೋ, ನಾನ್ಯಾರೋ!"

ಕತ್ತೆಯನ್ನು ತಿರುಗಿಸಿಕೊಂಡು, ಗಾಳಿಗೆ ಎದುರಾಗಿ ಮನೆಗೆ ಬಂದಳು.

ಹೇರು ಇಳಿಸುವಾಗ ಇಜ್ಜಾಳ ಪಾಲಿನ ರೊಟ್ಟಿ ಕೈಗೆ ಬಂತು. ನೀರಿನ ಡಬ್ಬವೂ ತುಂಬಿತ್ತು. ಎರಡನ್ನೂ ನೋಡಿದಳು, ನೋಡಿ ಮೂಲೆಗೆ ತಳ್ಳಿದಳು. ಹೊರಗೆ ಒಂಟೆಯ ಹಗ್ಗ ಹೊಸೆಯುತ್ತಿದ್ದ ಬರ್ಕಾ ಕೇಳಿದ, "ಇಜ್ಜಾ ಎಲ್ಲಿ?"

"ಬಾಯಿ ಕಟ್ತು ಅವಳಿಗೆ. ಇಷ್ಟೊತ್ತಿಗೆ ಸಂತೆ ದಾರಿ ಹಿಡಿದಿರ್ತಾಳೆ."

ಬರ್ಕಾನ ಮುಖ ಅರಳಿತು, ಅರಳಿದ್ದು ಅರ್ಧಕ್ಕೇ ನಿಂತಿತು. "ನಿಂಗೆ ಕೂಗಿ ಹೇಳ್ಲಿಲ್ವಾ?"

"ಕಲ್ಲು ಸಿಕ್ಕಿದ ಮೇಲೆ ಹಾಲು ಯಾರಿಗೆ ಬೇಕು ಬರ್ಕಾ?"

"ನೀರು ತಗೊಂಡಿದ್ಲಾ?"

"ತಗೊಂಡಿರ್ತಾಳೆ," ಎಂದು ಒಳಗೆ ಹೋದಳು. ಆ ಒಂದು ಮಾತು ಅವಳ ನಾಲಗೆಯನ್ನು ಇನ್ನೂ ಸುಡುತ್ತಿದೆ.

ಸಿಗ್ನಲ್ ಸಿಗುವ ದಿಬ್ಬ ಹತ್ತಿ ಬರ್ಕಾ ಸಂತೆಯೂರು ರಿಸ್ಸಾನಿಯ ವ್ಯಾಪಾರಿಗೆ ಫೋನು ಮಾಡಿದ. ಬಂದಿಲ್ಲ ಎಂದ ವ್ಯಾಪಾರಿ. ಬಂದಿದ್ದರೂ ಹಾಗೆಯೇ ಅನ್ನುತ್ತಿದ್ದ, ಅವರ ಜಾತಿಯೇ ಅಂಥದ್ದು. ಮರುದಿನ ಬೆಳಕು ಹರಿಯುತ್ತಲೇ ಬರ್ಕಾ ಮೋಟಾರ್‌ಬೈಕು ಕೇಳಿ ಪಡೆದು ಸಂತೆಗೆ ಹೊರಟ. ಬಾವಿಯ ಬಳಿ ಹೆಂಗಸರು ಇಟ್ಟೋಳನ್ನು ಸುತ್ತುವರಿದು, "ಇನ್ನೇನು ಅಜ್ಜಿ, ಕಣ್ಣು ಬಂತು! ಮೊದಲು ಯಾರ ಮುಖ ನೋಡ್ತೀಯಾ?" ಎಂದು ಹಾಸ್ಯ ಮಾಡುತ್ತಿದ್ದರು. ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಇಬ್ಬರದ್ದೂ ಒಟ್ಟಿಗೇ ನೋಡ್ತೀನಿ ಕಣ್ರೇ. ಎರಡು ಕಣ್ಣಿದೆಯಲ್ಲ."

ಆ ಮಾತು ಕೇಳಿ ತುದಾಳಿಗೆ ನಿಲ್ಲಲಾಗಲಿಲ್ಲ. ಮೂಲೆಯ ಡಬ್ಬ ಕಣ್ಣೆದುರು ಬಂತು. ನೀರಿಲ್ಲದೆ ಸಂತೆಯವರೆಗೆ ಆರು ಗಂಟೆಯ ದಾರಿ ಯಾರು ನಡೆಯುತ್ತಾರೆ? ಡಬ್ಬವನ್ನು ಹೆಗಲಿಗೇರಿಸಿ ಹಮ್ಮಾದ ಹತ್ತಿದಳು. ಅಲ್ಲಿ ಹುಡುಕುವವರ ಸಾಲು ಅಡ್ಡ ಬಂತು. ಸುದ್ದಿ ಆಗಲೇ ಹರಡಿತ್ತು.

"ಏನಕ್ಕಾ, ಪಾಲು ಬೇಡೋಕೆ ಹೊರಟ್ಯಾ?" ಎಂದಳು ಹಳದಿ ವಸ್ತ್ರದ ಹೆಂಗಸೊಬ್ಬಳು. "ಹಾಲಿನ ಅಕ್ಕ ಕೈ ಕೊಟ್ಲಂತೆ? ಜಾಗ ಎಲ್ಲಿ ಅಂತ ನಮಗೂ ಹೇಳು, ನಾವೂ ಬರ್ತೀವಿ ಬಟ್ಟಲು ಹಿಡ್ಕೊಂಡು."

ಎಲ್ಲರೂ ನಕ್ಕರು. ತುದಾಳ ಕಿವಿ ಕಾದವು. "ಆಡು ತಪ್ಪಿಸ್ಕೊಂಡಿದೆ, ಅದಕ್ಕೆ ಬಂದೆ," ಎಂದಳು. ಇಲ್ಲದ ಆಡನ್ನು ಸ್ವಲ್ಪ ಹೊತ್ತು ಹುಡುಕಿದಂತೆ ಮಾಡಿ ತಿರುಗಿ ಬಂದಳು. ಆ ಹೆಂಗಸನ್ನು ಬೈಯಬೇಕೆಂದು ನನಗೂ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಯಾರಿದ್ದರೂ ಅದನ್ನೇ ಅನ್ನುತ್ತಿದ್ದರು, ಯಾರಿದ್ದರೂ ತುದಾಳ ಹಾಗೆಯೇ ತಿರುಗಿ ಬರುತ್ತಿದ್ದರು.

ಮೂರನೇ ದಿನ ಬೆಳಿಗ್ಗೆ ಬರ್ಕಾ ಒಬ್ಬನೇ ಮರಳಿದ. ಸಂತೆಯಲ್ಲಿ, ದಾರಿಯಲ್ಲಿ, ಜೀಪುಗಳಲ್ಲಿ ಯಾರೂ ಇಜ್ಜಾಳನ್ನು ಕಂಡಿರಲಿಲ್ಲ. ಅವನು ಬೈಕಿನಿಂದ ಇಳಿಯಲೂ ಇಲ್ಲ. "ನೀವಿಬ್ರೂ ಬೇರೆಯಾದ ಜಾಗ ತೋರ್ಸು," ಎಂದ.

ಹಮ್ಮಾದದ ಮೇಲೆ ಹೆಜ್ಜೆ ಮೂಡುವುದಿಲ್ಲ ಎಂದು ತಿಳಿಯದವರು ಹೇಳುತ್ತಾರೆ. ಕಾಲು ತಾಗಿದ ಕಲ್ಲು ಮಗುಚಿಕೊಳ್ಳುತ್ತದೆ, ಬೆಳ್ಳನೆಯ ಹೊಟ್ಟೆ ಮೇಲೆ ಬರುತ್ತದೆ. ನಡೆದರೆ ಅಲ್ಲೊಂದು ಇಲ್ಲೊಂದು, ಓಡಿದರೆ ಒತ್ತಾಗಿ. ಬರ್ಕಾ ದಿಬ್ಬದಾಚೆ ಇಜ್ಜಾಳ ಜಾಡನ್ನು ಬೇಗನೆ ಹಿಡಿದ. ಅದು ಪಡುವಣಕ್ಕೆ ಒಂದಷ್ಟು ದೂರ ಹೋಗಿ ಒಂದು ಕಡೆ ನಿಂತಿತ್ತು. ಅಲ್ಲಿ ಬಟ್ಟಲಿನಷ್ಟು ಸಣ್ಣ ಗುಳಿ, ಸುತ್ತ ಪುಡಿಯಾದ ಕಲ್ಲು.

"ಇಲ್ಲಿ ಸಿಕ್ತು," ಎಂದ. ಆಮೇಲೆ ನೆಲ ನೋಡುತ್ತಾ ಬಂದ ದಾರಿಗೇ ತಿರುಗಿದ. ಬಿಳಿಯ ಕಲ್ಲುಗಳು ಒತ್ತೊತ್ತಾಗಿ ನೆಟ್ಟಗೆ ಮೂಡಣಕ್ಕೆ ಹೊರಟಿದ್ದವು. ಸಂತೆಯ ಕಡೆಗೆ ಒಂದೂ ಇರಲಿಲ್ಲ. "ಇಲ್ಲಿಂದ ಓಡಿದಾಳೆ. ನಿನ್ ಕಡೆಗೆ."

ಜಾಡು ಬಿರುಕಿನ ತುದಿಯಲ್ಲಿ ಮುಗಿದಿತ್ತು. ಎದುರುಗಾಳಿಗೆ ಮುಖ ಮುಚ್ಚಿಕೊಂಡು, ಕೂಗುತ್ತಾ ಓಡಿ ಬರುತ್ತಿದ್ದವಳಿಗೆ ಅದು ಕಂಡಿರಲಿಲ್ಲ.

ಇಜ್ಜಾ ತಳದಲ್ಲಿ, ಪಡುವಣದ ಗೋಡೆಗೆ ಒರಗಿದಂತೆ ಇದ್ದಳು. ತೊಡೆಯ ಮೂಳೆ ಮುರಿದಿತ್ತು. ತಲೆವಸ್ತ್ರದ ಗಂಟಿನಲ್ಲಿ ಕಲ್ಲು ಭದ್ರವಾಗಿತ್ತು. ಬರ್ಕಾ ಹೆಂಡತಿಯ ಕಣ್ಣು ಮುಚ್ಚಿದ, ಅವಳ ಮೇಲೆ ತನ್ನ ಮೇಲಂಗಿ ಹೊದಿಸಿದ. ಆಮೇಲೆ, ಅಭ್ಯಾಸ ಬಿಡಲಾರದವನಂತೆ, ಮರಳಿನ ಮೇಲೆ ಮೈ ಎಳೆದ ಗುರುತುಗಳನ್ನು ಓದಿದ. "ನೆರಳಿನ ಹಿಂದೆ ತೆವಳಿದಾಳೆ. ಮೊದಲ್ನೇ ಮಧ್ಯಾಹ್ನ ಈಚೆ ಗೋಡೆಗೆ. ನಿನ್ನೆ ಬೆಳಗ್ಗೆ ಆಚೆ ಗೋಡೆಗೆ. ನಿನ್ನೆ ಮಧ್ಯಾಹ್ನ ಮತ್ತೆ ಈಚೆಗೆ. ಮೂರು ಸಲ ದಾಟಿದಾಳೆ." ಆಚೆ ಗೋಡೆಯತ್ತ ನೋಡಿ, "ನಾಲ್ಕನೇ ಸಲ ದಾಟಿಲ್ಲ," ಎಂದ.

ಮೇಲೆ ಬಂದು ಅವನು ಮೂಡಣಕ್ಕೆ ನಡೆಯುತ್ತಾ ಹೋದ. ಮುನ್ನೂರ ನಲವತ್ತು ಹೆಜ್ಜೆಗೆ ಇನ್ನೊಂದು ಜಾಡು ಸಿಕ್ಕಿತು. ಅಲ್ಲಿ ಒಬ್ಬಳು ನಿಂತಿದ್ದಳು, ಕಾಲು ಬದಲಿಸಿ ಬದಲಿಸಿ ಬಹಳ ಹೊತ್ತು ನಿಂತಿದ್ದಳು, ಆಮೇಲೆ ಕತ್ತೆಯ ಜೊತೆ ಬಾವಿಯ ಕಡೆ ತಿರುಗಿದ್ದಳು. ಬರ್ಕಾ ಆ ಬಿಳಿಯ ಕಲ್ಲುಗಳನ್ನು ನೋಡಿದ, ತಲೆ ಎತ್ತಿ ತುದಾಳನ್ನು ನೋಡಿದ. ಏನೂ ಅನ್ನಲಿಲ್ಲ. ಅಂದಿದ್ದರೆ, ಬಡಿದಿದ್ದರೆ, ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಮಣ್ಣು ಮಾಡಿದ ಏಳನೇ ದಿನ ಬರ್ಕಾ ಕಲ್ಲನ್ನು ಎರಡು ಮಾಡಿ ಅರ್ಧವನ್ನು ತುದಾಳ ಹೊಸ್ತಿಲ ಮೇಲಿಟ್ಟ. "ಇದನ್ನ ಕೊಡೋಕೇ ಓಡಿ ಬರ್ತಿದ್ದದ್ದು ಅವಳು. ನಿನ್ನದು, ಇಟ್ಕೋ." ತುದಾ ಅದನ್ನು ಒಯ್ದು ಇಟ್ಟೋಳ ಮಡಿಲಲ್ಲಿ ಹಾಕಿ, "ಅವ್ವಾ, ಕಣ್ಣು ಮಾಡಿಸ್ಕೋ," ಎಂದು ಕಾಲು ಹಿಡಿದಳು.

ಮುದುಕಿ ಕಲ್ಲನ್ನು ತಡವಿ ನೋಡಿ ಪಕ್ಕಕ್ಕಿಟ್ಟಳು. "ಬೇಡ ಮಗಾ. ಇನ್ನೇನು ನೋಡ್ಬೇಕಾಗಿದೆ ನಂಗೆ?" ಆಮೇಲೆ ಕೇಳಿದಳು, "ಅವತ್ತು ಗಾಳಿ ಯಾವ ಕಡೆದು?"

"ಮೂಡಣದ್ದು ಅವ್ವಾ. ನನ್ನ ಬೆನ್ನಿಗಿತ್ತು."

"ನೀನು ಕೂಗ್ದ್ಯಾ?"

"ಕೂಗ್ದೆ."

"ಹಾಗಾದ್ರೆ ಅವಳಿಗೆ ಕೇಳಿಸಿರತ್ತೆ." ಇಟ್ಟೋಳ ಮುಖದ ಗಂಟು ಎಷ್ಟೋ ದಿನದ ಮೇಲೆ ಸಡಿಲವಾಯಿತು. ತುದಾಳ ತಲೆಯನ್ನು ತಡವಿ ಹುಡುಕಿ ತನ್ನ ಎದೆಗೆ ಒತ್ತಿಕೊಂಡಳು. "ಸದ್ಯ. ಬಿದ್ದಲ್ಲಿ ಒಂಟಿ ಆಗಿರ್ಲಿಲ್ಲ ನನ್ ಕೂಸು. ನಿನ್ ದನಿ ಕಿವೀಲಿತ್ತು."

ಬಿರುಕಿನ ತಳದಲ್ಲಿ, ಮುರಿದ ಕಾಲಿನ ಪಕ್ಕ, ಮೂಡಣದ ಗಾಳಿ ಏನನ್ನು ತಂದು ಕೊಟ್ಟಿತು ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವರಲ್ಲಿ ಒಬ್ಬಳು ಮಣ್ಣಿನಡಿ ಇದ್ದಳು.

ಕಲ್ಲು ಇಟ್ಟೋಳ ದಿಂಬಿನ ಬಳಿಯೇ ಇದೆ. ಹಮ್ಮಾದದ ಮೇಲಿನ ಬಿಳಿಯ ಕಲ್ಲುಗಳೂ ಹಾಗೆಯೇ ಇವೆ. ಅವು ಮತ್ತೆ ಕಪ್ಪಾಗಲು ನಮ್ಮಂಥವರ ಹತ್ತು ತಲೆಮಾರು ಸಾಲದು. ತುದಾ ಮತ್ತೆ ಕಲ್ಲು ಹುಡುಕಲಿಲ್ಲ. ಆಡು ಕಾಯುತ್ತಾಳೆ, ಕೂಗುತ್ತಾಳೆ, ಮುದುಕಿಗೆ ಊಟ ಮಾಡಿಸುತ್ತಾಳೆ. ಪ್ರತಿ ಶುಕ್ರವಾರ, ರೊಟ್ಟಿ ತಿಂದು ಕೈ ತೊಳೆದ ಮೇಲೆ, ಇಟ್ಟೋ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗು ಕಥೆ ಕೇಳುವಂತೆ ಕೇಳುತ್ತಾಳೆ.

"ಹೇಳು ಮಗಾ. ಅವತ್ತು ಅವಳಿಗೆ ಏನಂತ ಕೂಗ್ದೆ?"

ತುದಾ ಆ ಕಾಣದ ಕಣ್ಣುಗಳನ್ನೇ ನೋಡುತ್ತಾ ಹೇಳುತ್ತಾಳೆ.

"'ಬಾರೇ ಇಜ್ಜಾ' ಅಂತ ಕೂಗ್ದೆ ಅವ್ವಾ. 'ಇಲ್ಲೇ ಇದೀನಿ, ನೀನು ಬರೋವರ್ಗೂ ಹೋಗಲ್ಲ' ಅಂತ."